ಮುಳ್ಳು ಮೂವತ್ತೆಂಟು ದಾಟಲಿಲ್ಲ

ನಿಗಡಿ, ಪುಣೆ
16 ಜನವರಿ 2024

ಚಿ. ವರದಾಳಿಗೆ ಅಣ್ಣ ಬಿಂದುಮಾಧವನ ಆಶೀರ್ವಾದ.

ನೀನು ಧಾರವಾಡದಿಂದ ಕಳಿಸಿದ ಕುಸುರೆಳ್ಳು ಮುಟ್ಟಿತು. ನಾನು, ನಿನ್ನ ಅತ್ತಿಗೆ ಸುಲಭಾ ಇಬ್ಬರೂ ನೆಟ್ಟಗಿದ್ದೇವೆ; ನಿನ್ನ ಕಡೆಯೂ ಹಾಗೇ ಎಂದು ತಿಳಿದಿದ್ದೇನೆ. ಫೋನು ನಿನ್ನ ಕಿವಿಗೆ ಕೇಳುವುದಿಲ್ಲ, ಮೊಬೈಲಿನಲ್ಲಿ ಕನ್ನಡ ಒತ್ತುವುದು ನನ್ನ ಬೆರಳಿಗೆ ಬಗೆಹರಿಯುವುದಿಲ್ಲ. "ನಿಮ್ಮ ಅಣ್ಣ-ತಂಗಿ ಸಲುವಾಗೇ ಸರಕಾರ ಪೋಸ್ಟಾಫೀಸು ಇಟ್ಟದ" ಎಂದು ಸುಲಭಾ ಚಾಷ್ಟಿ ಮಾಡುತ್ತಾಳೆ.

ಇಲ್ಲಿ ನನಗೆ ಒಂದೇ ತ್ರಾಸು, ಮೋಟರ್‌ಸೈಕಲ್. ನಮ್ಮ ಸೊಸಾಯಟಿಯ ಹಿಂದೆ ತಗಡಿನ ಪತ್ರಾಶೆಡ್ಡುಗಳು ಎದ್ದಿವೆ. ಕಲಬುರಗಿ, ಯಾದಗಿರಿ ಕಡೆಯ ಜನ, ಎಲ್ಲರೂ ಚಾಕಣದ ಕಾರಖಾನೆಗಳಲ್ಲಿ ಠೇಕೇದಾರನ ಕೈಕೆಳಗೆ ಗುತ್ತಿಗೆಗೆ ದುಡಿಯುವವರು. ಬೆಳಗಿನ ಐದೂವರೆಗೆ ಇಪ್ಪತ್ತೆರಡು ಫಟಫಟಿಗಳು ನಮ್ಮ ಕಿಟಕಿಯ ಕೆಳಗಿನ ರಸ್ತೆಯಲ್ಲೇ ಹೋಗಬೇಕು. ಯಾವುದಕ್ಕೂ ನೆಟ್ಟಗೆ ಸೈಲೆನ್ಸರ್ ಇಲ್ಲ. ಮೂವತ್ತೈದು ವರ್ಷ ಗಾಡಿಗಳ ಸಪ್ಪಳ ಅಳೆಯುವ ವಿಭಾಗದಲ್ಲಿ ತಲೆ ಸವೆಸಿದವನು ನಾನು. ಕಣ್ಣು ಮುಚ್ಚಿ ಕೂತು ಯಾವ ಗಾಡಿ, ಎಷ್ಟು ಹಳೆಯದು, ಎಲ್ಲಿ ಒಡೆದಿದೆ ಅಂತ ಹೇಳಬಲ್ಲೆ. ಅಂಥವನ ಕಿವಿಯ ಬುಡದಲ್ಲಿ ಈ ಗದ್ದಲ!

ಅವರಲ್ಲಿ ಅಂಬಣ್ಣ ಅಂತ ಒಬ್ಬ. ನಮ್ಮ ಮನೆಯ ಪಾತ್ರೆ ತಿಕ್ಕುವ ಚಂದಮ್ಮನ ಗಂಡ. ನಮ್ಮ ಭಾಷೆಯವನಲ್ಲವೇ ಅಂತ ಕರೆದು ಬುದ್ಧಿ ಹೇಳಿದೆ. "ಸಾಹೇಬ್ರ, ಗಾಡಿ ಹಳೇದದರಿ. ಸೈಲೆನ್ಸರ್ ಒಡದದ. ಪಗಾರ ಆದಕೂಡ್ಲೆ ಹೊಸಾದ್ ಹಾಕಸ್ತೀನ್ರಿ" ಎಂದು ಕೈಮುಗಿದ. ಇವರ ಪಗಾರ ಯಾವಾಗ ಆಗಬೇಕು, ನನ್ನ ಕಿವಿ ಯಾವಾಗ ತಣ್ಣಗಾಗಬೇಕು? ಟ್ರಾಫಿಕ್ ಆಫೀಸಿಗೆ ಬರೆದು ಆ ರಸ್ತೆಯಲ್ಲಿ ಮೋಟರ್‌ಸೈಕಲ್ಲೇ ಬಂದ್ ಮಾಡಿಸುತ್ತೇನೆ. ದಂಡಂ ದಶಗುಣಂ.

ಬಿಂದಣ್ಣ


ಧಾರವಾಡ
25 ಜನವರಿ 2024

ತೀ. ಸ್ವ. ಬಿಂದಣ್ಣನಿಗೆ ವರದಾಳ ಶಿ. ಸಾ. ನಮಸ್ಕಾರಗಳು.

ಪತ್ರ ಮುಟ್ಟಿತು. ಕಿವಿಯ ತ್ರಾಸು ಎಂಥದೆಂದು ನನಗಲ್ಲದೆ ಯಾರಿಗೆ ಗೊತ್ತು? ನನಗಂತೂ ಈಗ ಬಾಗಿಲು ಬಡಿದರೂ ಕೇಳುವುದಿಲ್ಲ. ಹಾಲಿನವನು ಬಂದರೆ ಬೆಕ್ಕು ಎದ್ದು ಓಡುತ್ತದೆ, ಅದನ್ನು ನೋಡಿ ಎದ್ದು ಹೋಗುತ್ತೇನೆ.

ಸಪ್ಪಳ ಅಳೆಯುವ ಆ ಮೀಟರು ಇನ್ನೂ ನಿನ್ನ ಹತ್ತಿರ ಇದೆಯೇ? ತೊಗಲಿನ ಪೆಟ್ಟಿಗೆ, ಒಳಗೆ ಕೆಂಪು ಮಖಮಲ್ಲು. 1991ರಲ್ಲಿ ಬೆಳಗಾವಿಗೆ, ನನ್ನ ಗಂಡನ ಮನೆಗೆ ತಂದು ನಮ್ಮ ಕೋಣೆಯ ಮಂಚದ ಮೇಲೆ ಇಟ್ಟಿದ್ದೆಯಲ್ಲ, ಅದೇ. ಹಗಲೂ ರಾತ್ರಿ ಹಿಟ್ಟಿನ ಗಿರಣಿ ಓಡಿದಂತೆ ಕೇಳುತ್ತದೆ ಎಂದು ನಾನು ಅಂದೆ. ಇಲ್ಲ ಎಂದು ನಿನ್ನ ಮೀಟರಿನ ಮುಳ್ಳು ಅಂದಿತು. ನಮ್ಮ ಮಾವನವರು ಮುಳ್ಳಿನ ಮಾತು ನಂಬಿದರು. ಹುಚ್ಚಿಯ ಕೈಯಲ್ಲಿ ಕೂಸು ಬೇಡ ಎಂದು ನಾಲ್ಕು ವರ್ಷದ ನನ್ನ ಸಾತ್ವಿಕನನ್ನು ಇಟ್ಟುಕೊಂಡು ನನ್ನನ್ನು ತವರಿಗೆ ಕಳಿಸಿದರು. ಇರಲಿ.

ನೀನು ಹಿಡಿದ ಕೆಲಸ ಬಿಡಬೇಡ. ಆಫೀಸಿನವರು ನಿನ್ನ ಮಾತು ಕೇಳಿಯೇ ಕೇಳುತ್ತಾರೆ. ನಿನ್ನ ಸಹಿಗೆ ಎಷ್ಟು ತೂಕವಿದೆ ಎಂಬುದನ್ನು ನಾನು ಬಲ್ಲೆ.

ವರದಾ


ನಿಗಡಿ
2 ಮಾರ್ಚ್ 2024

ಚಿ. ವರದಾಳಿಗೆ ಆಶೀರ್ವಾದ.

ಆಯಿತು! ರಸ್ತೆಯ ಎರಡೂ ತುದಿಗೆ ಬೋರ್ಡು ಬಿತ್ತು. ಸದ್ಯ ಆರು ತಿಂಗಳ ಮಟ್ಟಿಗೆ ಮೋಟರ್‌ಸೈಕಲ್ಲುಗಳಿಗೆ ಬಂದಿ, ಪ್ರವೇಶವಿಲ್ಲ. ಹೋಗಲೇಬೇಕೆಂದರೆ ಎಂಜಿನ್ ಬಂದ್ ಮಾಡಿ ನೂಕಿಕೊಂಡು ಹೋಗಬೇಕು. ನಾನು ಬಾಲ್ಕನಿಯಲ್ಲಿ ಮೀಟರಿಟ್ಟು ಹದಿನೈದು ದಿನ ಅಳೆದು ರಿಪೋರ್ಟು ಬರೆದೆ. ಎಂಬತ್ತಾರು ಡೆಸಿಬೆಲ್ ತನಕ ಹೋಗಿತ್ತು ಮುಳ್ಳು. ಟ್ರಾಫಿಕ್ ಆಫೀಸಿನ ಸಾಹೇಬ ಮರಾಠಿಯಲ್ಲಿ ಎರಡು ಸಾಲು ಓದಿ, ಕೆಳಗೆ ನನ್ನ ಹಳೆಯ ಹುದ್ದೆ ನೋಡಿ ಸಹಿ ಹಾಕಿಬಿಟ್ಟ. ನಮ್ಮ ಸೊಸಾಯಟಿಯವರ ಸ್ಕೂಟರುಗಳಿಗೆ ಪಾಸು ಮಾಡಿಸಿದ್ದೇನೆ, ಅವರ ತಂಟೆಯಿಲ್ಲ. "ಕಾರಿಗೆ ಸಪ್ಪಳ ಇರೂದಿಲ್ಲೇನು?" ಎಂದು ಸುಲಭಾ ಕೇಳಿದಳು. ಪ್ರತಿ ಮನೆಗೂ ಒಬ್ಬ ವಕೀಲ ಇರುತ್ತಾನೆ.

ಬೆಳಿಗ್ಗೆ ಚಹಾ ಹಿಡಿದು ಬಾಲ್ಕನಿಯಲ್ಲಿ ಕೂಡುತ್ತೇನೆ. ಇಪ್ಪತ್ತೆರಡು ಜನ ಸಾಲಾಗಿ ಗಾಡಿ ನೂಕುತ್ತ ಹೋಗುವುದನ್ನು ನೋಡಬೇಕು ನೀನು. ಅರ್ಧ ಮೈಲು ದಾರಿ, ಅದೂ ಏರು. ಅಂಬಣ್ಣನ ಹಿಂದೆ ಚಂದಮ್ಮನೂ ಸೆರಗು ಬಿಗಿದು ನೂಕುತ್ತಾಳೆ. ಆಮೇಲೆ ಬಂದು ನಮ್ಮ ಪಾತ್ರೆ ತಿಕ್ಕುತ್ತಾಳೆ. ಅವನು ಹೊಸ ಸೈಲೆನ್ಸರ್ ಹಾಕಿಸಿದ್ದಾನಂತೆ. ಈಗ ಹಾಕಿಸಿ ಏನು ಬಂತು?

ಆದರೆ ಒಂದು ಗಾಡಿ ಇನ್ನೂ ನಿಂತಿಲ್ಲ. ಎಲ್ಲ ಹೋದ ಮೇಲೆ ಕಾಂಪೌಂಡಿನ ಆಚೆ ಎಲ್ಲೋ ನಿಂತಲ್ಲೇ ಗುರುಗುಟ್ಟುತ್ತದೆ. ಗೇರು ಬದಲಿಸುವುದಿಲ್ಲ, ಮುಂದೆ ಹೋಗುವುದಿಲ್ಲ. ಯಾರೆಂದು ಹಿಡಿದೇ ಹಿಡಿಯುತ್ತೇನೆ.

ಬೆಳಗಾವಿಯ ಮಾತು ಯಾಕೆ ತೆಗೆಯುತ್ತೀ? ಮೂವತ್ತು ವರ್ಷ ದಾಟಿತು. ಆ ಹೊತ್ತಿಗೆ ಕಂಡದ್ದನ್ನು ಕಂಡಂತೆ ಬರೆದುಕೊಟ್ಟೆ, ಅಷ್ಟೇ.

ಬಿಂದಣ್ಣ


ಧಾರವಾಡ
13 ಮಾರ್ಚ್ 2024

ತೀ. ಸ್ವ. ಬಿಂದಣ್ಣನಿಗೆ ಶಿ. ಸಾ. ನಮಸ್ಕಾರಗಳು.

ಬೋರ್ಡು ಬಿದ್ದ ಸುದ್ದಿ ಓದಿ ಸಂತೋಷವಾಯಿತು. ಆ ಒಂದು ಗಾಡಿಯ ಬಗ್ಗೆ ನನಗೆ ಭಾಳ ಕುತೂಹಲ. ಕೆಲವು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕಿಟಕಿ ಹಾಕಿದರೆ ಆ ಸಪ್ಪಳ ಕಡಿಮೆ ಆಗುತ್ತದೆಯೋ, ಹೆಚ್ಚಾಗುತ್ತದೆಯೋ? ಹಾಸಿಗೆಯಲ್ಲಿ ಯಾವ ಮಗ್ಗುಲಿಗೆ ಹೊರಳಿದರೆ ಹತ್ತಿರ ಬಂದ ಹಾಗೆ ಆಗುತ್ತದೆ? ಹಲ್ಲು ಕಚ್ಚಿ ಹಿಡಿದರೆ ಅದರ ದನಿ ಏನಾದರೂ ಬದಲಾಗುತ್ತದೆಯೇ? ಸುಲಭಾ ವೈನಿಗೂ ಕೇಳುತ್ತದೆಯೇ?

ಕಿವುಡಿಗೆ ಇನ್ನೊಬ್ಬರ ಕಿವಿಯಿಂದ ಕೇಳುವ ಚಟ. ನನಗಾಗಿ ಬರೆ.

ವರದಾ


ನಿಗಡಿ
26 ಮಾರ್ಚ್ 2024

ಚಿ. ವರದಾಳಿಗೆ ಆಶೀರ್ವಾದ.

ನೀನು ಒಳ್ಳೆಯ ಎಂಜಿನಿಯರ್ ಆಗಬಹುದಿತ್ತು. ಇಂಥ ಪ್ರಶ್ನೆ ನಮ್ಮ ವಿಭಾಗದಲ್ಲೂ ಯಾರೂ ಕೇಳುತ್ತಿರಲಿಲ್ಲ. ಕಿಟಕಿ ಹಾಕಿದರೆ ಹೆಚ್ಚಾಗುತ್ತದೆ! ಎಲ್ಲ ಕಿಟಕಿ ಹಾಕಿ, ಫ್ಯಾನು ಬಂದ್ ಮಾಡಿ ಕೂತರೆ ಆ ಗಾಡಿ ಪಡಸಾಲೆಯೊಳಗೇ ಬಂದು ನಿಂತಂತಾಗುತ್ತದೆ. ನೆಲದಿಂದ ಏರಿ ಬರುತ್ತಿರಬೇಕು. ಬಲಗಿವಿ ದಿಂಬಿಗೆ ಒತ್ತಿ ಮಲಗಿದರೆ ಇನ್ನೂ ಹತ್ತಿರ. ಹಲ್ಲು ಕಚ್ಚಿದರೆ ಎಕ್ಸಲರೇಟರ್ ತಿರುವಿದ ಹಾಗೆ ಏರುತ್ತದೆ. ಹೇಗೆ ಗೊತ್ತಾಯಿತು ನಿನಗೆ?

"ನನಗಂತೂ ಏನೂ ಕೇಳಸ್ವಲ್ತು" ಎನ್ನುತ್ತಾಳೆ ಸುಲಭಾ. ಅವಳ ಕಿವಿ ಹೋಗಿವೆ, ಒಪ್ಪಿಕೊಳ್ಳುವುದಿಲ್ಲ.

ಅದು ಅಂಬಣ್ಣನ ಗಾಡಿಯೇ. ನೂರು ಸಿ.ಸಿ., ಹಳೆಯ ಎಂಜಿನ್, ಹೊಸ ಸೈಲೆನ್ಸರ್. ಅದಕ್ಕೇ ಗಂಟಲು ಕಟ್ಟಿದ ಹಾಗೆ ಗುರುಗುಡುತ್ತದೆ. ಈಗ ಅವರು ಹೊರಡುವ ಮೊದಲೇ ಕೇಳುತ್ತದೆ, ಮೂರು ಸಲ ಚಪ್ಪಲಿ ಕೈಯಲ್ಲಿ ಹಿಡಿದು ಸಪ್ಪಳವಾಗದಂತೆ ಕೆಳಗೆ ಇಳಿದೆ. ಹೋಗಿ ನೋಡಿದರೆ ಗಾಡಿ ಸ್ಟ್ಯಾಂಡ್ ಹಾಕಿ ನಿಂತಿರುತ್ತದೆ, ಅವನು ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡು ನಿಂತಿರುತ್ತಾನೆ. ನನ್ನನ್ನು ಕಂಡಕೂಡಲೇ ಬಂದ್ ಮಾಡುತ್ತಾನೆ, ಲಬಾಡ!

ಚಂದಮ್ಮನನ್ನು ನಿಲ್ಲಿಸಿ ಕೇಳಿದೆ. ಕಣ್ಣಲ್ಲಿ ನೀರು ತಂದಳು. "ಅಜ್ಜಾರ, ನಮ್ಮವ್ರು ದಿನಾ ಆ ಮೂಲಿ ತನಕ ನೂಕ್ಕೊಂಡೇ ಹೋಗ್ತಾರ್ರಿ. ನಾನೇ ಹಿಂದ ನೂಕ್ತೀನಿ. ನನ್ನ ಕೂಸಿನ್ಯಾಣಿ, ಚಾಲೂ ಮಾಡಂಗಿಲ್ರಿ." ಆಣೆ ಮಾಡಲು ಇವರಿಗೆ ಏನು ಕಷ್ಟ?

ನಾಳೆ ಮೀಟರು ಹಚ್ಚಿ ದಾಖಲೆ ಮಾಡಲೇ ಎಂದು ಯೋಚನೆ. ಏನನ್ನುತ್ತೀ?

ಬಿಂದಣ್ಣ


ನಿಗಡಿ
4 ಏಪ್ರಿಲ್ 2024

ಚಿ. ವರದಾ,

ನಿನ್ನ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ಸಪ್ಪಳ ಈಗ ಮಧ್ಯಾಹ್ನವೂ ಶುರುವಾಗಿದೆ. ಸೆಕೆಂಡ್ ಶಿಫ್ಟ್ ಹಿಡಿದು ಹಗಲೆಲ್ಲ ಶೆಡ್ಡಿನಲ್ಲೇ ಇರುತ್ತಾನೇನೋ. ನನಗೆ ನಿದ್ದೆಯಿಲ್ಲ, ಊಟ ರುಚಿಸುವುದಿಲ್ಲ.

ಮೊನ್ನೆ ಸಾತ್ವಿಕನ ಮಗನ ಮುಂಜಿವೆ ಪುಣೆಯ ಆಚೆ ಭೋರ್ ಹತ್ತಿರ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ಛಂದ ಮಾಡಿದ. ಹುಡುಗ ಎಂಟು ವರ್ಷದವನು, ಥೇಟ್ ನಮ್ಮ ಅಪ್ಪನ ಮೋರೆ. ಹದಿನೈದು ದಿನ ಮೊದಲೇ ಸಾತ್ವಿಕ ಮನೆಗೆ ಬಂದಿದ್ದ. "ಮಾಮಾ, ಧಾರವಾಡಕ್ಕೂ ಒಂದು ಪತ್ರಿಕಾ ಕಳಸ್ಲೇನು?" ಎಂದು ಕೇಳಿದ. "ಬ್ಯಾಡಪಾ, ಅಕಿಗೆ ಗದ್ದಲ ಸೋಸೂದಿಲ್ಲ, ಅಲ್ಲೆ ಬಂದು ಏನಾರ ಆದ್ರ?" ಎಂದು ನಾನೇ ಹೇಳಿದೆ. ನಿನ್ನ ಒಳ್ಳೆಯದಕ್ಕೇ. ಭಿಕ್ಷೆಗೆ ಅಜ್ಜಿ ಎಂದು ಸುಲಭಾ ನಿಂತಳು.

ಮೀಟರಿನ ವಿಷಯ ತಿಳಿಸು.

ಬಿಂದಣ್ಣ


ಧಾರವಾಡ
12 ಏಪ್ರಿಲ್ 2024

ತೀ. ಸ್ವ. ಬಿಂದಣ್ಣನಿಗೆ ಶಿ. ಸಾ. ನಮಸ್ಕಾರಗಳು.

ಮೊಮ್ಮಗನಿಗೆ ಭಿಕ್ಷೆ ಹಾಕಿದ ವೈನಿಗೆ ನನ್ನ ನಮಸ್ಕಾರ ತಿಳಿಸು. ಯಾವ ಬಟ್ಟಲು, ಎಷ್ಟು ಅಕ್ಕಿ ಎಂದು ಕೇಳುವುದಿಲ್ಲ.

ಮೀಟರು ಹಚ್ಚಬೇಡ ಬಿಂದಣ್ಣ. ನಾನು ಚೆನ್ನಾಗಿ ವಿಚಾರ ಮಾಡಿ ಹೇಳುತ್ತಿದ್ದೇನೆ. ನೀನು ಮೀಟರು ಹಚ್ಚುವುದನ್ನು ಅವನ ಹೆಂಡತಿ ನೋಡುತ್ತಾಳೆ, ಅವನಿಗೆ ಹೇಳುತ್ತಾಳೆ, ಅವನು ಗಾಡಿ ಮುಟ್ಟುವುದಿಲ್ಲ. ಮುಳ್ಳು ಅಲುಗದಿದ್ದರೆ ನಗುವವರು ಅವರು. ಮೂವತ್ತೈದು ವರ್ಷ ಪಳಗಿದ ಕಿವಿಗೆ ಮೀಟರಿನ ಸಾಕ್ಷಿ ಯಾಕೆ ಬೇಕು? ನಿನ್ನ ಕಿವಿ ಎಂದಾದರೂ ಸುಳ್ಳು ಹೇಳಿದೆಯೇ? ಅದನ್ನು ಅಟ್ಟದ ಮೇಲೆ ಇಡು.

ಆ ಮನುಷ್ಯ ಬೇಕೆಂದೇ ನಿನ್ನನ್ನು ಕಾಡುತ್ತಿದ್ದಾನೆ. ಹೆಂಡತಿ ನಿನ್ನ ಅಡಿಗೆಮನೆಯಲ್ಲಿ, ಗಂಡ ನಿನ್ನ ಕಿಟಕಿಯ ಕೆಳಗೆ. ಆಳಿಗೆ ಇಷ್ಟು ಸಲಿಗೆ ಕೊಟ್ಟವನು ನೀನೇ. ಗಾಡಿ ಇರುವ ತನಕ ಸಪ್ಪಳ ಇದ್ದೇ ಇರುತ್ತದೆ. ಮುಂದಿನದು ನಾನು ಹೇಳಬೇಕೇ?

ವರದಾ


ನಿಗಡಿ
20 ಮೇ 2024

ಚಿ. ವರದಾಳಿಗೆ ಆಶೀರ್ವಾದ.

ನೀನು ಹೇಳಿದ್ದೇ ಸರಿ. ಬರೆದುಕೊಟ್ಟೆ. ಬಂದಿಯಿರುವ ರಸ್ತೆಯಲ್ಲಿ ದಿನಾ ಎಂಜಿನ್ ಚಾಲೂ ಇಡುತ್ತಾನೆ, ಕಿವಿಯಾರೆ ಕೇಳಿದ್ದೇನೆ ಎಂದು ಸಹಿ ಮಾಡಿದೆ. ಟ್ರಕ್ಕು ಬಂದು ಗಾಡಿ ಎತ್ತಿಕೊಂಡು ಹೋಯಿತು. ಕಾಗದಪತ್ರದಲ್ಲೂ ಏನೋ ತಪ್ಪಿದೆಯಂತೆ. ಸೆಕೆಂಡ್ ಹ್ಯಾಂಡ್ ಗಾಡಿ, ಹೆಸರಿಗೆ ಆಗಿಲ್ಲ. ಬೇಗ ಬಿಡುವುದಿಲ್ಲ.

ಚಂದಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೂತು ಅತ್ತಳು. "ಅಜ್ಜಾರ, ನಿಮ್ ಕಾಲ್ ಬೀಳ್ತೀನ್ರಿ. ಗಾಡಿ ಇಲ್ಲಂದ್ರ ಅವ್ರು ಶಿಫ್ಟಿಗಿ ಹ್ಯಾಂಗ್ ಮುಟ್ಟಬೇಕ್ರಿ? ಅಷ್ಟು ಹೊತ್ತಿಗಿ ಬಸ್ಸಿಲ್ರಿ." ಅದಕ್ಕೆ ನಾನು, ಗಾಡಿ ಗುರುಗುಟ್ಟಿಸುವಾಗ ಬಸ್ಸಿನ ನೆನಪು ಇರಲಿಲ್ಲವೇ ಎಂದೆ. ನಾಳೆಯಿಂದ ಬರಬೇಡ ಎಂದೂ ಹೇಳಿದೆ. ಸುಲಭಾ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಪಾತ್ರೆಗಳನ್ನು ಮಾತ್ರ ಕುಕ್ಕುತ್ತಾಳೆ.

ಅಂಬಣ್ಣ ಕತ್ತಲೆಯಿರುವಾಗಲೇ ಎದ್ದು ನಡೆದುಹೋಗಿ ಹೈವೇ ಮೇಲೆ ಸಿಕ್ಕ ಟೆಂಪೋ ಹತ್ತುತ್ತಿದ್ದನಂತೆ. ನಾಲ್ಕು ಸಲ ತಡವಾಯಿತು. ಠೇಕೇದಾರ ನಾಳೆಯಿಂದ ಬೇಡ ಎಂದಿದ್ದಾನೆ. ಹೊಟ್ಟೆಗೆ ಹೊಡೆಯುವುದು ನನ್ನ ಉದ್ದೇಶವಾಗಿರಲಿಲ್ಲ. ಆದರೂ ಮಾಡಿದ್ದುಣ್ಣೋ ಮಹಾರಾಯ.

ಆದರೆ ವರದಾ, ಇನ್ನೂ ಕೇಳುತ್ತಿದೆ. ಗಾಡಿ ಠಾಣೆಯ ಅಂಗಳದಲ್ಲಿದೆ. ಆದರೂ ಕೇಳುತ್ತಿದೆ. ಯಾರದೋ ಗಾಡಿ ಎರವಲು ತಂದಿರಬೇಕು, ಅಲ್ಲವೇ?

ಬಿಂದಣ್ಣ


ಧಾರವಾಡ
3 ಜೂನ್ 2024

ತೀ. ಸ್ವ. ಬಿಂದಣ್ಣನಿಗೆ ಶಿ. ಸಾ. ನಮಸ್ಕಾರಗಳು.

ಹೌದು. ಎರವಲೇ ತಂದಿರಬೇಕು. ಅವನು ಅಲ್ಲಿರುವ ತನಕ ನಿನಗೆ ಸುಖವಿಲ್ಲ.

ವರದಾ


ನಿಗಡಿ
4 ಆಗಸ್ಟ್ 2024

ವರದಾ,

ಎರಡು ತಿಂಗಳು ಬರೆಯಲಾಗಲಿಲ್ಲ. ಶೆಡ್ಡುಗಳ ಮಾಲಕನಿಗೆ ಸೊಸಾಯಟಿಯಿಂದ ನೋಟೀಸು ಕಳಿಸಿದೆವು. ಅವನು ಅಂಬಣ್ಣನಿಗೆ ಖೋಲಿ ಬಿಡು ಎಂದ. ಹೋದ ಸೋಮವಾರ ಬಿಟ್ಟರು.

ಹೋಗುವ ಮುನ್ನ ಅಂಬಣ್ಣ ಮೇಲೆ ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ. ಕೆಳಗೆ ಚಂದಮ್ಮ ಕೂಸು ಎತ್ತಿಕೊಂಡು ಗಂಟುಮೂಟೆಯ ಹತ್ತಿರ ಕೂತಿದ್ದಳು. ಜಗಳಕ್ಕೆ ಬಂದ ಎಂದುಕೊಂಡೆ. ಜಗಳವಾಡಲಿಲ್ಲ.

"ಸಾಹೇಬ್ರ, ಒಂದೇ ಮಾತ್ ಕೇಳ್ತೀನ್ರಿ. ಈಗ ಸಪ್ಪಳ ಕೇಳಸ್ಲತದೇನ್ರಿ?"

ಕೇಳುತ್ತಿತ್ತು. ಹೌದು ಎಂದೆ.

"ಗಾಡಿ ಠಾಣೇದಾಗದರಿ. ಶೆಡ್ಡಿನಾಗ ಯಾರೂ ಇಲ್ರಿ, ಎಲ್ಲಾರೂ ಡ್ಯೂಟಿಗಿ ಹೋಗ್ಯಾರ. ನಾ ನಿಮ್ಮ ಎದುರಿಗೇ ನಿಂತೀನ್ರಿ. ಹಂಗಾರ ಯಾರ ಗಾಡಿರಿ ಅದು?"

ಸುಲಭಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನಾನು ಮರೆಯಲಾರೆ. ಅಂಬಣ್ಣ, "ದವಾಖಾನಿಗಿ ತೋರಸ್ರಿ ಸಾಹೇಬ್ರ, ನಮ್ ಕಾಕಾಗೂ ಹಿಂಗೇ ಇತ್ತು" ಎಂದ. ಸಿಟ್ಟಿನಿಂದ ಹೇಳಿದ್ದರೆ ನಾನು ಬೈದು ಕಳಿಸುತ್ತಿದ್ದೆ. ಮಮತೆಯಿಂದ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಅವರು ಹೋದ ಮೇಲೆ ಅಟ್ಟದಿಂದ ಮೀಟರು ಇಳಿಸಿದೆ. ಎಲ್ಲ ಕಿಟಕಿ ಹಾಕಿದೆ. ನನ್ನ ಕಿವಿಯಲ್ಲಿ ಗಾಡಿ ಭೋರೆಂದು ಓಡುತ್ತಿದೆ, ಮುಳ್ಳು ಮೂವತ್ತೆಂಟಕ್ಕೆ ಬಂದು ನಿಂತುಬಿಟ್ಟಿತು. ಸೆಲ್ಲು ಹೋಗಿವೆ ಎಂದು ಹೊಸವು ತರಿಸಿ ಹಾಕಿದೆ. ಮೂವತ್ತೆಂಟು. ಟೇಬಲ್ ಮೇಲೆ ಕೈ ಬಡಿದರೆ ಹಾರುತ್ತದೆ, ಮತ್ತೆ ಬಂದು ಮೂವತ್ತೆಂಟಕ್ಕೇ ನಿಲ್ಲುತ್ತದೆ. ಮೀಟರು ಕೆಟ್ಟಿಲ್ಲ.

ಕಿಟಕಿ, ದಿಂಬು, ಹಲ್ಲು. ನೀನು ಮಾರ್ಚಿನಲ್ಲಿ ಕೇಳಿದ ಪ್ರಶ್ನೆಗಳನ್ನು ಮತ್ತೆ ತೆಗೆದು ಓದಿದೆ. ನಿನಗೆ ಗೊತ್ತಿತ್ತೇ ವರದಾ? ನನಗೆ ಭಾಳ ಅಂಜಿಕೆ ಆಗಿದೆ. ಸುಲಭಾ ನನ್ನ ಮುಂದೆ ಫೋನಿನಲ್ಲಿ ದನಿ ಇಳಿಸಿ ಮಾತಾಡುತ್ತಾಳೆ. ನಿಜ ಬರೆ. ಜಲ್ದಿ ಬರೆ.

ಬಿಂದಣ್ಣ


ಧಾರವಾಡ
17 ಆಗಸ್ಟ್ 2024

ಬಿಂದಣ್ಣಾ,

ಗೊತ್ತಿತ್ತು. ಮಾರ್ಚಿನಲ್ಲೇ ಗೊತ್ತಿತ್ತು. ನಿನ್ನ ಎರಡನೆಯ ಪತ್ರದಲ್ಲಿ 'ಗೇರು ಬದಲಿಸುವುದಿಲ್ಲ, ಮುಂದೆ ಹೋಗುವುದಿಲ್ಲ' ಎಂದು ಓದಿದಾಗಲೇ ಗುರುತು ಹತ್ತಿತು. ನನ್ನ ಗಿರಣಿಯೂ ಹಾಗೇ ಓಡುತ್ತಿತ್ತು. ಹಿಟ್ಟು ಬೀಳಲಿಲ್ಲ, ನಿಲ್ಲಲೂ ಇಲ್ಲ. ಇದು ತಲೆಯ ರೋಗವಲ್ಲ, ಕಿವಿಯದು. ನಮ್ಮ ಮನೆತನದ್ದು. ಅಜ್ಜಿಗೆ ಇತ್ತು, ಸೋದರತ್ತೆಗೆ ಇತ್ತು. 2003ರಲ್ಲಿ ಡಾಕ್ಟರರು ನನಗೆ ಇದನ್ನೆಲ್ಲ ಬರೆದುಕೊಟ್ಟಿದ್ದರು. ಅದರ ನಕಲನ್ನು ನಿನಗೆ ಕಳಿಸಿದ್ದೆ, ಬೆಳಗಾವಿಗೆ ಒಂದು ಮಾತು ಬರೆ, ಸಾತ್ವಿಕನಿಗೆ ಇನ್ನೂ ಹದಿನಾರು ವರ್ಷ, ಒಮ್ಮೆ ನನ್ನ ಹತ್ತಿರ ಕಳಿಸಲಿ ಎಂದು ಬೇಡಿಕೊಂಡಿದ್ದೆ. 'ಈಗ ಆ ಮಾತು ಯಾಕೆ' ಎಂದು ಒಂದು ಕಾರ್ಡು ಹಾಕಿದೆ. ಮರೆತಿರಬೇಕು. ನನ್ನ ಹತ್ತಿರ ಅದೂ ಇದೆ.

ನಾನೂ ದೇವತೆಯಲ್ಲ, ಆದರೆ ಮೊದಲಿನಿಂದ ರಾಕ್ಷಸಿಯೂ ಅಲ್ಲ. ಏಪ್ರಿಲ್ ಎಂಟಕ್ಕೆ ನಿನಗೆ ಎಲ್ಲ ನಿಜ ಬರೆದಿದ್ದೆ. 'ಬಿಂದಣ್ಣ, ಅದು ಗಾಡಿಯಲ್ಲ, ಆ ಬಡವನನ್ನು ಬಿಟ್ಟುಬಿಡು, ಕಿವಿಯ ಡಾಕ್ಟರರಿಗೆ ತೋರಿಸು' ಎಂದು. ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯ ತನಕ ಹೋದೆ. ಎದುರಿಗೆ ಪೋಸ್ಟಿನವನು ಸಿಕ್ಕು ನಿನ್ನ ಪತ್ರ ಕೈಗೆ ಕೊಟ್ಟ. ಅಲ್ಲೇ ನಿಂತು ಓದಿದೆ. ನನ್ನ ಮೊಮ್ಮಗನ ಮುಂಜಿವೆ. ಮಗ ತಾನಾಗಿ ಬಾಯಿಬಿಟ್ಟು ಕೇಳಿದ್ದ, ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಕೇಳಿದ್ದ, ನೀನು ಬೇಡ ಎಂದೆ. ಬರೆದದ್ದನ್ನು ಅಲ್ಲೇ ಹರಿದೆ. ಮನೆಗೆ ಬಂದು ನಾಲ್ಕು ದಿನ ಯೋಚಿಸಿ, ಮೀಟರು ಹಚ್ಚಬೇಡ ಎಂದು ಬರೆದೆ.

ಆಮೇಲಿನ ನಿನ್ನ ಪತ್ರಗಳನ್ನು ಹಬ್ಬದ ಅಡಿಗೆಯಂತೆ ಉಂಡಿದ್ದೇನೆ. ನಿದ್ದೆಯಿಲ್ಲ ಎಂದು ನೀನು ಬರೆದ ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಆದರೆ ಅಂಬಣ್ಣ. ಅವನ ಮುಖ ನಾನು ನೋಡಿಲ್ಲ. ಅವನು ಇದರಲ್ಲಿ ಬೇಯುತ್ತಾನೆ ಎಂದು ಗೊತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಗೊತ್ತಿತ್ತು. ನೀನು ಬೇಯುವುದನ್ನು ನೋಡುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಅವನಿಗೆ ಮಾಡಿದ ಪಾಪದಲ್ಲಿ ಅರ್ಧ ನನ್ನದು, ಅದನ್ನು ನಾನು ಹೊತ್ತುಕೊಂಡೇ ಸಾಯುತ್ತೇನೆ.

ಈಗ ಕೇಳು. ಸುಲಭಾ ವೈನಿ ನನಗೆ ಬರೆದಿದ್ದಾಳೆ, ಮೊದಲ ಸಲ. 'ಇವರಿಗೆ ಇಲ್ಲದ ಸಪ್ಪಳ ಕೇಳುತ್ತದೆ, ನಮ್ಮ ಮಗ ದೊಡ್ಡ ಆಸ್ಪತ್ರೆಗೆ ಸೇರಿಸೋಣ ಎನ್ನುತ್ತಾನೆ, ತಲೆಯದೇ ಇರಬಹುದೇ, ನಿಮಗೆ ಗೊತ್ತಿರಬಹುದು' ಎಂದು. ನಾನು ಉತ್ತರವಾಗಿ ಒಂದು ಚೀಟಿಯ ನಕಲು ಮಾತ್ರ ಕಳಿಸಿದ್ದೇನೆ. ಮಾವನವರು ಅದನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ಮೇಲೆ ಇಟ್ಟು ಕಳಿಸಿದ್ದರು. ಅಕ್ಷರ ನಿನ್ನದೇ, ಓದು:

'ಕೋಣೆಯಲ್ಲಿ ಇಪ್ಪತ್ತೆರಡು ನಿಮಿಷ ಮೀಟರು ಇಟ್ಟು ನೋಡಲಾಯಿತು. ಮುಳ್ಳು ಮೂವತ್ತೆಂಟು ದಾಟಲಿಲ್ಲ. ಇಲ್ಲಿ ಯಾವ ಸಪ್ಪಳವೂ ಇಲ್ಲ. ದೋಷ ಕೇಳುವವರ ತಲೆಯಲ್ಲಿದೆ.'

ಕೆಳಗೆ ಸಹಿ, ಹುದ್ದೆ. ನಿನ್ನ ಸಹಿಗೆ ಎಷ್ಟು ತೂಕ ಎಂಬುದನ್ನು ನಾನು ಬಲ್ಲೆ ಎಂದಿದ್ದೆನಲ್ಲ.

ಡಾಕ್ಟರರ ಕಾಗದ ನನ್ನ ಹತ್ತಿರ ಇದೆ. ಅದನ್ನು ವೈನಿಗೆ ಕಳಿಸಿದರೆ ನೀನು ಹುಚ್ಚನಲ್ಲ ಎಂದು ಅವಳಿಗೆ ತಿಳಿಯುತ್ತದೆ. ಕಳಿಸುತ್ತೇನೆ. ಅದಕ್ಕೆ ಮೊದಲು ನೀನು ಒಂದು ಕಾಗದ ಬರೆಯಬೇಕು, ಆಫೀಸಿಗೂ ಠೇಕೇದಾರನಿಗೂ: 'ಅಂಬಣ್ಣನ ಗಾಡಿ ಸಪ್ಪಳ ಮಾಡಲಿಲ್ಲ, ದೋಷ ನನ್ನ ಕಿವಿಯದು, ನಾನು ಬರೆದುಕೊಟ್ಟದ್ದು ತಪ್ಪು.' ಕೆಳಗೆ ಸಹಿ. ನಕಲು ನನ್ನ ಕೈಗೆ ಬಂದ ದಿನವೇ ನನ್ನ ಕಾಗದ ಪುಣೆಗೆ ಹೊರಡುತ್ತದೆ. ನನಗೋಸ್ಕರ ಏನೂ ಬೇಡ. ಗಂಡ ಇನ್ನೊಂದು ಮದುವೆಯಾಗಿ ಸುಖವಾಗಿ ಬದುಕಿರುವಾಗಲೇ ನನ್ನ ಹೆಸರಿನ ಮೊದಲಿನ 'ಸೌ.' ತೆಗೆದುಹಾಕಿದವನು ನೀನು. ನಿನ್ನಿಂದ ನಾನು ಇನ್ನೇನು ಕೇಳಲಿ?

ಒಂದು ಸಲ, ಒಬ್ಬರ ವಿಷಯದಲ್ಲಿಯಾದರೂ, ತಪ್ಪಿದೆ ಎಂದು ಬರೆ.

ವರದಾ


ನಿಗಡಿ
9 ಸೆಪ್ಟೆಂಬರ್ 2024

ಚಿ. ಸೌ. ವರದಾಳಿಗೆ ಅಣ್ಣ ಬಿಂದುಮಾಧವನ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲವೂ ಸರಿಯಾಗಿದೆ. ಗಣಪತಿ ಕೂಡಿಸಿದೆವು, ಸುಲಭಾ ಮೋದಕ ಮಾಡಿದಳು. ನನ್ನ ಹೋದ ಪತ್ರದ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಜಾಗರಣೆಯ ದಣಿವಿನಲ್ಲಿ ಏನೇನೋ ಬರೆದೆ. ಅಂಬಣ್ಣ ಖೋಲಿ ಬಿಟ್ಟ ಮಾರನೆಯ ವಾರದಿಂದ ಸಪ್ಪಳ ಪೂರ್ತಿ ನಿಂತಿದೆ. ಸುಲಭಾಗೂ, ಮಗನಿಗೂ ಹಾಗೇ ಹೇಳಿದ್ದೇನೆ. ಅವರಿಗೂ ಸಮಾಧಾನವಾಯಿತು, ಆಸ್ಪತ್ರೆಯ ಮಾತು ಬಿಟ್ಟರು. ನಿನ್ನ ಚೀಟಿಯನ್ನು ಸುಲಭಾ ಒಲೆಗೆ ಹಾಕಿದಳು.

ಬಂದಿಯ ಆರು ತಿಂಗಳು ಮುಗಿದಿತ್ತು. ಮುಂದುವರಿಸಬೇಕೋ ಎಂದು ಆಫೀಸಿನವರು ನನ್ನ ಅಭಿಪ್ರಾಯ ಕೇಳಿದರು. 'ಸಂಬಂಧಪಟ್ಟ ವಾಹನ ಹೋದ ಮೇಲೆ ಸಪ್ಪಳ ಇಲ್ಲ. ಬಂದಿಯಿಂದ ಅನುಕೂಲವಾಗಿದೆ' ಎಂದು ಬರೆದು ಸಹಿ ಮಾಡಿ ಕೊಟ್ಟೆ. ಬೋರ್ಡು ಕಾಯಮ್ ಆಯಿತು. ನೀನು ಕೇಳಿದ ಕಾಗದದ ಅಗತ್ಯ ಈಗ ಉಳಿದಿಲ್ಲ. ಅಂಬಣ್ಣ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲ. ಊರಿಗೆ ಹೋಗಿರಬೇಕು.

ಇಲ್ಲಿ ಈಗ ಭಾಳ ಶಾಂತವಾಗಿದೆ.

ಬಿಂದಣ್ಣ

ತಾ.ಕ.: ಇದನ್ನು ಬಚ್ಚಲಲ್ಲಿ ನಳ ಬಿಟ್ಟುಕೊಂಡು, ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀರು ಬೀಳುವಾಗ ಸ್ವಲ್ಪ ಕಡಿಮೆ ಅನಿಸುತ್ತದೆ. ಇದಕ್ಕಾದರೂ ಉತ್ತರ ಬರೆ, ಸುಲಭಾಳ ಕೈಗೆ ಸಿಗದಂತೆ ಬರೆ: ನಿನಗೆ ಅದು ರೂಢಿಯಾಗಲು ಎಷ್ಟು ವರ್ಷ ಹಿಡಿಯಿತು?